ಎರಡು ಶಾಲೆ ಸೇರಿ ಭೂಮಿಯ ಪರಿಧಿ ಅಳೆಯುವ ಪ್ರಾಜೆಕ್ಟ್: ಯೋಜನೆ ಸರಿಯಿದೆಯಾ?

ಎಂಟನೇಕ್ಲಾಸ್ ಟೀಚರ್ (ಪ್ರಶ್ನೆ)

ಆನ್‌ಲೈನ್ ಶಿಕ್ಷಕರ ತರಬೇತಿಯ ಕೊನೆಯ ಅಸೈನ್‌ಮೆಂಟಿಗೆ ಬೇರೊಂದು ಶಾಲೆಯ ತರಗತಿಯ ಜೊತೆ ಸೇರಿ ಪ್ರಾಜೆಕ್ಟ್ ಮಾಡಿಸಬೇಕು. ಶೀಟ್ ಹಂಚಿಕೊಳ್ಳುವುದು, ಸ್ಲೈಡ್, ಕ್ವಿಜ್ ಎಲ್ಲ ಕೋರ್ಸಿನಲ್ಲಿ ಇತ್ತು. ಎರಡು ತರಗತಿಗಳ ಕೆಲಸವನ್ನು ಹೊಂದಿಸುವುದು ಹೇಗೆ ಅನ್ನುವುದು ಮಾತ್ರ ಇರಲಿಲ್ಲ.

ಯೋಜನೆ ಹೀಗಿದೆ: ಜೊತೆಗಾರ ಶಾಲೆ ನಮ್ಮಿಂದ ನೇರ ಉತ್ತರಕ್ಕೆ 250 ಕಿ.ಮೀ. ಸೆಪ್ಟೆಂಬರ್ ಕೊನೆಯ ವಾರ, ಮಧ್ಯಾಹ್ನ 12 ಗಂಟೆಗೆ ಎರಡೂ ಕಡೆ ಒಂದು ಮೀಟರ್ ಕೋಲಿನ ನೆರಳು ಅಳೆದು ಗೂಗಲ್ ಶೀಟ್‌ಗೆ ಹಾಕುವುದು. ನೆರಳಿನಿಂದ ಸೂರ್ಯ ನೆತ್ತಿಯಿಂದ ಎಷ್ಟು ವಾಲಿದ್ದಾನೆ ಅನ್ನುವ ಕೋನ ಸಿಗುತ್ತದೆ; ಎರಡು ಊರಿನ ಕೋನಗಳ ವ್ಯತ್ಯಾಸ 360 ಡಿಗ್ರಿಯಲ್ಲಿ ಎಷ್ಟು ಪಾಲೋ, ಊರುಗಳ ನಡುವಿನ ದೂರ ಪರಿಧಿಯಲ್ಲಿ ಅಷ್ಟೇ ಪಾಲು. ಆಮೇಲೆ ವಿಡಿಯೋ ಕಾಲ್‌ನಲ್ಲಿ ಒಟ್ಟಿಗೆ ಪರಿಧಿ ಲೆಕ್ಕ ಹಾಕುವುದು. ಎರಡೂ ಕಡೆ 40 ಮಕ್ಕಳು. ನನ್ನ ಅನುಮಾನಗಳು: ಇಷ್ಟು ಮಕ್ಕಳು ಒಂದೇ ಶೀಟ್‌ನಲ್ಲಿ ಬರೆಯಬಹುದಾ? ಟ್ಯಾನ್ ಇನ್ನೂ ಕಲಿಯದವರಿಗೆ ಕೋನ ತೆಗೆಸುವುದು ಹೇಗೆ? ಬೇರೆ ಏನಾದರೂ ಎಡವಟ್ಟು ಕಾಣುತ್ತಿದೆಯಾ?

ನೆರಳುಕೋಲು

ಮೇಡಂ, ದೊಡ್ಡ ಎಡವಟ್ಟು ದೂರದ್ದು. 250 ಕಿ.ಮೀ. ಸಾಲದು. ಉತ್ತರ-ದಕ್ಷಿಣವಾಗಿ ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಅಂದರೆ ನಿಮ್ಮ ಎರಡು ಕೋನಗಳ ವ್ಯತ್ಯಾಸ ಬರೀ 2.25 ಡಿಗ್ರಿ. ಮೀಟರ್ ಕೋಲಿನ ನೆರಳು ಒಂದು ಸೆಂ.ಮೀ. ತಪ್ಪಿದರೆ ಕೋನ ಅರ್ಧ ಡಿಗ್ರಿಯಷ್ಟು ತಪ್ಪುತ್ತದೆ. ವ್ಯತ್ಯಾಸ 1.75 ಅಂತ ಬಂತು ಅಂದುಕೊಳ್ಳಿ, ಪರಿಧಿ 51,000 ಕಿ.ಮೀ. ದಾಟುತ್ತದೆ. 2.75 ಬಂದರೆ 33,000ಕ್ಕಿಂತ ಕೆಳಗೆ. ನಿಜವಾದದ್ದು 40,000ದ ಆಸುಪಾಸು. ಹಿಂದೆ ಇದೇ ವಿಧಾನದಲ್ಲಿ ಪರಿಧಿ ಲೆಕ್ಕ ಹಾಕಿದ ಗ್ರೀಕ್ ವಿದ್ವಾಂಸ ಎರಟಾಸ್ಥನೀಸ್ ಕೈಯಲ್ಲಿ 7.2 ಡಿಗ್ರಿ ಇತ್ತು, ವೃತ್ತದ ಐವತ್ತರಲ್ಲಿ ಒಂದು ಪಾಲು. ಅದೇ ಅರ್ಧ ಡಿಗ್ರಿ ತಪ್ಪು ಅಲ್ಲಿ ಶೇ. 7ರಷ್ಟೇ ಆಗುತ್ತದೆ. ಉತ್ತರ-ದಕ್ಷಿಣವಾಗಿ 1,000 ಕಿ.ಮೀ. ದೂರದ ಮೂರನೇ ಶಾಲೆಯೊಂದನ್ನು ಸೇರಿಸಿಕೊಳ್ಳಿ. ಈಗಿನ ಜೊತೆಗಾರರನ್ನು ಬಿಡಬೇಡಿ. ಹತ್ತಿರದ ಜೋಡಿಯಲ್ಲಿ ಉತ್ತರ ಯಾಕೆ ಕೆಡುತ್ತದೆ ಅನ್ನುವುದೇ ಮಕ್ಕಳಿಗೆ ಒಳ್ಳೆಯ ಪಾಠ.

ಆ ಒಂದು ಸೆಂ.ಮೀ. ತಪ್ಪು ಮಕ್ಕಳ ಅಜಾಗರೂಕತೆಯಿಂದಲೇ ಬರಬೇಕೆಂದಿಲ್ಲ. ಸೂರ್ಯ ಆಕಾಶದಲ್ಲಿ ಅರ್ಧ ಡಿಗ್ರಿ ಅಗಲ ಕಾಣುತ್ತಾನೆ. ಹಾಗಾಗಿ ಮೀಟರ್ ಕೋಲಿನ ನೆರಳಿನ ತುದಿ ಸುಮಾರು ಒಂದು ಸೆಂ.ಮೀ.ನಷ್ಟು ಮಸುಕಾಗಿಯೇ ಇರುತ್ತದೆ. ಒಬ್ಬ ಮಸುಕಿನ ಒಳಗಡೆ ಗುರುತು ಹಾಕುತ್ತಾನೆ, ಇನ್ನೊಬ್ಬ ಹೊರಗಡೆ. ಪರಿಹಾರ ಸುಲಭ: ಕೋಲಿನ ತಲೆಗೆ ರಟ್ಟಿನ ತುಂಡೊಂದನ್ನು ಅಡ್ಡಲಾಗಿ ಅಂಟಿಸಿ, ಅದರಲ್ಲಿ 3 ಮಿ.ಮೀ. ತೂತು ಮಾಡಿ. ನೆಲದ ಮೇಲೆ ರಟ್ಟಿನ ನೆರಳಿನ ನಡುವೆ ದುಂಡಗಿನ ಬೆಳಕಿನ ಚುಕ್ಕೆ ಬೀಳುತ್ತದೆ; ಅದರ ನಡುಮಧ್ಯ ಗುರುತಿಸಿದರೆ ಒಂದೆರಡು ಮಿ.ಮೀ.ಗಿಂತ ಹೆಚ್ಚು ತಪ್ಪಲ್ಲ. ಎತ್ತರವನ್ನು ನೆಲದಿಂದ ತೂತಿನವರೆಗೆ ಅಳೆಯಬೇಕು, ಕೋಲಿನ ತುದಿಯವರೆಗಲ್ಲ. ತೂತಿನ ಅಂಚಿನಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಿ, ಕಲ್ಲು ತೋರಿಸುವ ಜಾಗದಿಂದಲೇ ನೆರಳಿನ ಅಳತೆ ಶುರು. ಹೀಗೆ ಮಾಡಿದರೆ ಕೋಲು ಕೊಂಚ ವಾಲಿದ್ದರೂ ಚಿಂತೆಯಿಲ್ಲ. ನೆಲ ಮಾತ್ರ ಸಮ ಇರಲೇಬೇಕು: ಬೆಂಚಿನ ಹಲಗೆ ಹಾಸಿ, ರಸಮಟ್ಟ ಇಟ್ಟು ನೋಡಿ.

12 ಗಂಟೆ ಅನ್ನುವುದನ್ನೂ ಬಿಟ್ಟುಬಿಡಿ. ಗಡಿಯಾರದ ಮಧ್ಯಾಹ್ನ ಬೇರೆ, ಸೂರ್ಯನ ಮಧ್ಯಾಹ್ನ ಬೇರೆ. ಒಂದು ಡಿಗ್ರಿ ರೇಖಾಂಶಕ್ಕೆ 4 ನಿಮಿಷ ಆಚೀಚೆ, ಅದರ ಮೇಲೆ ವರ್ಷದ ಕಾಲಕ್ಕೆ ತಕ್ಕಂತೆ ಇನ್ನೂ 16 ನಿಮಿಷದವರೆಗೆ. ಆ ದಿನದ ಸೂರ್ಯೋದಯ, ಸೂರ್ಯಾಸ್ತದ ನಟ್ಟನಡುವಿನ ಹೊತ್ತು ಲೆಕ್ಕ ಹಾಕಿ. ಅದಕ್ಕೆ ಅರ್ಧ ಗಂಟೆ ಮೊದಲು ಶುರುಮಾಡಿ ಅರ್ಧ ಗಂಟೆ ಆಮೇಲಿನವರೆಗೆ 5 ನಿಮಿಷಕ್ಕೊಂದು ಗುರುತು. ಎಲ್ಲಕ್ಕಿಂತ ಚಿಕ್ಕ ನೆರಳೇ ನಿಮ್ಮ ಅಳತೆ. ಎರಡು ಶಾಲೆಯವರೂ ತಮ್ಮ ತಮ್ಮ ಊರಿನ ಚಿಕ್ಕ ನೆರಳು ಹಿಡಿದರೆ ಸಾಕು, ಒಂದೇ ಕ್ಷಣ ಆಗಬೇಕಿಲ್ಲ.

ಶೀಟ್‌ಮೇಷ್ಟ್ರು

40 ಮಕ್ಕಳಿಗೂ ಬರೆಯುವ ಅನುಮತಿ ಕೊಡಬೇಡಿ. ಶಾಲೆಗೆ ಐದು ಕೋಲು, ಕೋಲಿಗೆ ಎಂಟು ಮಕ್ಕಳು, ಗುಂಪಿಗೆ ಒಬ್ಬರೇ ಬರೆಯುವವರು. ಪ್ರತಿ ಶಾಲೆಗೂ ಬೇರೆ ಟ್ಯಾಬ್, ಇನ್ನೊಂದು ಶಾಲೆಯ ಟ್ಯಾಬ್‌ಗೆ ಪ್ರೊಟೆಕ್ಟ್ ಹಾಕಿ. ಫಾರ್ಮುಲಾ ಇರುವ ಟ್ಯಾಬ್ ಶಿಕ್ಷಕರಿಗೆ ಮಾತ್ರ. ಏನಾದರೂ ಅಳಿಸಿಹೋದರೆ ವರ್ಷನ್ ಹಿಸ್ಟರಿಯಿಂದ ವಾಪಸ್ ತರಬಹುದು, ಗಾಬರಿ ಬೇಡ.

ಕೈಕೊಡುವುದು ಚಿಕ್ಕ ಚಿಕ್ಕ ವಿಷಯಗಳೇ. "30.6 ಸೆಂ.ಮೀ." ಅಂತ ಟೈಪ್ ಮಾಡಿದರೆ ಶೀಟ್ ಅದನ್ನು ಅಕ್ಷರ ಅಂದುಕೊಳ್ಳುತ್ತದೆ, ಫಾರ್ಮುಲಾ ಎರರ್ ಕೊಡುತ್ತದೆ. ಅಳತೆಯ ಮಾನ ತಲೆಬರಹದಲ್ಲಿರಲಿ, ಕೋಶದಲ್ಲಿ ಬರೀ ಅಂಕಿ. ಡೇಟಾ ವ್ಯಾಲಿಡೇಶನ್‌ನಲ್ಲಿ 0ಯಿಂದ 200ರ ಒಳಗಿನ ಸಂಖ್ಯೆ ಮಾತ್ರ ಅಂತ ಕಟ್ಟಿಹಾಕಿ. ತಾರೀಖಿನಲ್ಲಿ ತಿಂಗಳು ಅಂಕಿಯಲ್ಲಿ ಬೇಡ, ಹೆಸರಿನಲ್ಲಿ ಬರೆಸಿ. ಒಬ್ಬರಿಗೆ ತಿಂಗಳು ಮೊದಲು, ಇನ್ನೊಬ್ಬರಿಗೆ ದಿನ ಮೊದಲು ಆಗಿ ಅದಲುಬದಲಾಗುತ್ತದೆ. ನೆರಳನ್ನು ಎತ್ತರದಿಂದ ಭಾಗಿಸಿ ಕೊಟ್ಟರೆ ಕೋನ ಹೇಳುವ ಎಟ್ಯಾನ್ (ATAN) ಫಂಕ್ಷನ್ ಉತ್ತರ ಕೊಡುವುದು ಡಿಗ್ರಿಯಲ್ಲಲ್ಲ, ಕೋನದ ಇನ್ನೊಂದು ಮಾನವಾದ ರೇಡಿಯನ್‌ನಲ್ಲಿ. ಅದನ್ನು ಡಿಗ್ರೀಸ್ ಫಂಕ್ಷನ್ ಒಳಗೆ ಹಾಕದಿದ್ದರೆ 17 ಬರಬೇಕಾದ ಕಡೆ 0.297 ಬರುತ್ತದೆ.

ಐದು ಗುಂಪುಗಳ ಸರಾಸರಿ ತೆಗೆಯಬೇಡಿ, ಮಧ್ಯಾಂಕ (ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಟ್ಟನಡುವೆ ಬರುವ ಅಳತೆ) ತೆಗೆಯಿರಿ; ಒಂದು ಗುಂಪು ತಪ್ಪಿದರೂ ಅದು ಅಷ್ಟಾಗಿ ಕೆಡುವುದಿಲ್ಲ. ಸ್ಕೇಲಿನ ಸೊನ್ನೆ ಅಂಚಿನಲ್ಲೇ ಇರುತ್ತದೆ ಅಂದುಕೊಂಡು ಅಳೆಯುವ ಗುಂಪು ಒಂದಾದರೂ ಇದ್ದೇ ಇರುತ್ತದೆ.

ಹೆಸರು, ಮುಖದ ಫೋಟೊ ಯಾವುದೂ ಶೀಟ್‌ನಲ್ಲಿ ಬೇಡ. ಗುಂಪಿಗೆ "ಎ1", "ಬಿ3" ಅಂತ ಗುರುತು ಸಾಕು. ಫೋಟೊ ಹಾಕಿದರೆ ನೆರಳು ಮತ್ತು ಸ್ಕೇಲಿನದ್ದು ಮಾತ್ರ.

ಬೋರ್ಡ್ ಒರೆಸುವವ

ಮೇಲಿನ ಇಬ್ಬರದ್ದೂ ಒಪ್ಪಿದೆ. ಆದರೆ ವಿಡಿಯೋ ಕಾಲ್‌ನಲ್ಲಿ ಲೆಕ್ಕ ಹಾಕಿಸುವುದು ಕೈಬಿಡಿ. ಎರಡು ದೊಡ್ಡ ಕೋಣೆ, ಎರಡು ಮೈಕ್, 80 ಮಕ್ಕಳು: ಅರ್ಧ ಹೊತ್ತು "ಕೇಳಿಸ್ತಿದೆಯಾ" ಅನ್ನುವುದರಲ್ಲೇ ಕಳೆಯುತ್ತದೆ. ಕಾಲ್ ಬೇಕಿದ್ದರೆ ಕೊನೆಗೆ ಇಪ್ಪತ್ತು ನಿಮಿಷ ಇಟ್ಟುಕೊಳ್ಳಿ, ಮೊದಲೇ ಬರೆದ ಪ್ರಶ್ನೆಗಳಿಗೆ ಮಾತ್ರ.

ಜೊತೆಗೂಡಿ ಕೆಲಸ ಆಗುವುದು ಡೇಟಾ ಅದಲುಬದಲು ಮಾಡಿದಾಗ. ನಿಮ್ಮ ಮಕ್ಕಳು ಅವರ ಅಳತೆಯಿಂದ ಕೋನ ತೆಗೆಯಲಿ, ಅವರು ನಿಮ್ಮದರಿಂದ. ಆಗ "ನೀವು ಎಲ್ಲಿಂದ ಅಳೆದದ್ದು?", "ಬಿ4 ಮಾತ್ರ ಯಾಕೆ ಹೀಗಿದೆ?" ಅನ್ನುವ ಪ್ರಶ್ನೆಗಳು ತಾವಾಗಿ ಹುಟ್ಟುತ್ತವೆ, ಶೀಟ್‌ನ ಕಾಮೆಂಟ್‌ನಲ್ಲೇ ಕೇಳಬಹುದು. ಪಕ್ಕದ ಶಾಲೆ ಇಲ್ಲದಿದ್ದರೂ ಮುಗಿಸಬಹುದಾದ ಕೆಲಸಕ್ಕೆ ಜಂಟಿ ಪ್ರಾಜೆಕ್ಟ್ ಅನ್ನಬೇಕಿಲ್ಲ. ಸ್ಲೈಡ್ ಕಳಿಸಿ ಸ್ಲೈಡ್ ತರಿಸಿಕೊಳ್ಳುವುದೂ ಅದೇ ಜಾತಿ.

ಟ್ಯಾನ್ ಬೇಡ. ಗ್ರಾಫ್ ಹಾಳೆಯಲ್ಲಿ ಕಾಲು ಅಳತೆಗೆ ಇಳಿಸಿದ ಲಂಬಕೋನ ತ್ರಿಭುಜ ಬರೆಸಿ: ಎತ್ತರ 25 ಸೆಂ.ಮೀ., ನೆರಳು 30.6 ಇದ್ದರೆ 7.65. ಮೇಲಿನ ಮೂಲೆಯ ಕೋನ ಅಳೆದರೆ 17 ಡಿಗ್ರಿ ಬರಬೇಕು. ಕೋನಮಾಪಕದಲ್ಲಿ ಅರ್ಧ ಡಿಗ್ರಿ ಆಚೀಚೆ ಆಗುತ್ತದೆ, ಅದಕ್ಕೆ ಶೀಟ್‌ನ ಉತ್ತರದ ಜೊತೆ ತಾಳೆ ನೋಡಿಸಿ.

ಕೋರ್ಸಿನಲ್ಲಿ ಸಹಪಾಠಿ ಶಿಕ್ಷಕರ ವಿಮರ್ಶೆ ಇದ್ದರೆ ಬರೀ ಯೋಜನೆಯನ್ನು ಹಾಕಬೇಡಿ, "ಚೆನ್ನಾಗಿದೆ" ಬಿಟ್ಟು ಬೇರೇನೂ ಸಿಗುವುದಿಲ್ಲ. ಒಂದು ಗುಂಪಿನ ನಿಜವಾದ ಹಾಳೆ ಹಾಕಿ, "ಈ ಮಕ್ಕಳು ಎಲ್ಲಿ ತಪ್ಪಿದರು?" ಅಂತ ಕೇಳಿ.

ಎಂಟನೇಕ್ಲಾಸ್ ಟೀಚರ್

ಎಲ್ಲರಿಗೂ ಧನ್ಯವಾದ. ಮೂರನೇ ಶಾಲೆ ಎಲ್ಲಿ ಹುಡುಕುವುದು? ಆ ದಿನ ಒಂದು ಕಡೆ ಮೋಡ ಇದ್ದರೆ ಮರುದಿನ ಅಳೆದರೆ ನಡೆಯುತ್ತಾ?

ನೆರಳುಕೋಲು

ಸೆಪ್ಟೆಂಬರ್ ಕೊನೆಗೆ ನಡೆಯುವುದಿಲ್ಲ. ವಿಷುವದ (ಹಗಲು ರಾತ್ರಿ ಸಮವಾಗುವ ದಿನದ) ಹೊತ್ತಿನಲ್ಲಿ ಸೂರ್ಯ ದಿನಕ್ಕೆ ಸುಮಾರು 0.4 ಡಿಗ್ರಿ ದಕ್ಷಿಣಕ್ಕೆ ಸರಿಯುತ್ತಾನೆ, ಹೆಚ್ಚುಕಡಿಮೆ ಒಂದು ಸೆಂ.ಮೀ. ತಪ್ಪಿನಷ್ಟೇ. ಮೂರೂ ಶಾಲೆ ಐದು ದಿನ ಅಳೆದಿಟ್ಟುಕೊಳ್ಳಲಿ, ಎಲ್ಲರಿಗೂ ಬಿಸಿಲಿದ್ದ ಒಂದು ದಿನದ್ದನ್ನು ಬಳಸಿ. ಗಡುವು ಮುಂದಕ್ಕೆ ಹಾಕಿಸಿಕೊಳ್ಳುವುದಾದರೆ ಡಿಸೆಂಬರ್ 21ರ ಆಸುಪಾಸು ಅನುಕೂಲ. ಆಗ ಐದು ದಿನದ ಹಿಂದುಮುಂದಾದರೂ 0.1 ಡಿಗ್ರಿ ದಾಟುವುದಿಲ್ಲ.

ಜೊತೆಗಾರ ಶಾಲೆ ಹುಡುಕಲು 1988ರಿಂದ ನಡೆಯುತ್ತಿರುವ ಐಅರ್ನ್ ಜಾಲ ಇದೆ. ಯುರೋಪಿನ ಶಾಲೆಗಳ ಇಟ್ವಿನ್ನಿಂಗ್ 2005ರಲ್ಲಿ ಶುರುವಾದದ್ದು. ಪೋಸ್ಟ್‌ನಲ್ಲಿ ಉದ್ದುದ್ದ ಉದ್ದೇಶ ಬರೆಯಬೇಡಿ: ತರಗತಿ, ಅಕ್ಷಾಂಶ (ಒಂದು ದಶಮಾಂಶ ಸಾಕು), ಅಳೆಯುವ ದಿನಗಳು, ಅವರಿಂದ ಬೇಕಾದ ಒಟ್ಟು ಗಂಟೆಗಳು. ಇಷ್ಟಿದ್ದರೆ ಉತ್ತರ ಬರುತ್ತದೆ.

ಇನ್ನೆರಡು ಮಾತು. ಮೂರನೇ ಶಾಲೆ ನೇರ ಉತ್ತರಕ್ಕೋ ದಕ್ಷಿಣಕ್ಕೋ ಇಲ್ಲದಿದ್ದರೆ ರಸ್ತೆಯ ದೂರ ಹಾಕಬೇಡಿ. ನಕ್ಷೆಯಲ್ಲಿ ಆ ಊರಿನ ಮೂಲಕ ಪೂರ್ವ-ಪಶ್ಚಿಮ ಗೆರೆ ಎಳೆದು, ನಿಮ್ಮ ಊರಿನಿಂದ ಆ ಗೆರೆಗೆ ಲಂಬವಾದ ದೂರ ತೆಗೆಯಿರಿ. ಹಾಗೇ ನೆರಳಿನ ದಿಕ್ಕಿಗೂ ಶೀಟ್‌ನಲ್ಲಿ ಒಂದು ಕಾಲಂ ಇಡಿ. ಒಂದು ಕಡೆ ಉತ್ತರಕ್ಕೆ, ಇನ್ನೊಂದು ಕಡೆ ದಕ್ಷಿಣಕ್ಕೆ ನೆರಳು ಬಿದ್ದಿದ್ದರೆ ಕೋನಗಳನ್ನು ಕಳೆಯುವುದಲ್ಲ, ಕೂಡಬೇಕು.