ಅಪ್‌ಡೇಟ್: 1984ರ ಪಂಕ್ ರಿಹರ್ಸಲ್ ಕ್ಯಾಸೆಟ್ ಉಳಿಯಿತು

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಮ್ಮ ಪಕ್ಕದ ಮನೆಯವರು ಹರೆಯದಲ್ಲಿ ಪಂಕ್ ರಾಕ್ ಬ್ಯಾಂಡ್ ಒಂದರಲ್ಲಿ ಬಾಸ್ ಗಿಟಾರ್ ನುಡಿಸುತ್ತಿದ್ದರು. ಅವರ ರಿಹರ್ಸಲ್ ಕ್ಯಾಸೆಟ್ಟಿನ ಸದ್ದು ಪೂರ್ತಿ ಮಂಕಾಗಿದೆ, ಏನು ಮಾಡಲಿ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ನೀವು ಹೇಳಿದ್ದೇ ನಿಜ, ಒಳಗಿನ ಫೆಲ್ಟ್ ಪ್ಯಾಡ್ ಕಿತ್ತು ಬಂದಿತ್ತು. ಅದಿಲ್ಲದಿದ್ದರೆ ಟೇಪು, ಅದನ್ನು ಓದುವ ಪ್ಲೇಯರಿನ ಹೆಡ್ಡಿಗೆ ಸರಿಯಾಗಿ ಒತ್ತಿಕೊಳ್ಳುವುದಿಲ್ಲ. ಎರಡೂ ಸುರುಳಿಗಳನ್ನು ಸ್ಕ್ರೂ ಬಿಚ್ಚಿ ತೆರೆಯಬಹುದಾದ ಬೇರೆ ಕ್ಯಾಸೆಟ್ ಡಬ್ಬಿಗೆ ಹಾಕಿದೆ. ಆಮೇಲೆ ಹೆಡ್ ಪಕ್ಕದ ಅಜಿಮತ್ ಸ್ಕ್ರೂವನ್ನು (ಹೆಡ್ಡಿನ ಓರೆ ಸರಿಪಡಿಸುವ ಸ್ಕ್ರೂ) ಒಂಚೂರು ತಿರುಗಿಸಿದೆ. ಅಷ್ಟಕ್ಕೇ ಡ್ರಮ್ ಸೆಟ್ಟಿನ ಸಿಂಬಲ್ (ಲೋಹದ ತಟ್ಟೆ) ಸದ್ದು ಸ್ಪಷ್ಟವಾಗಿ ಬಂತು! ಕಂಪ್ಯೂಟರಿನಲ್ಲಿ 24 ಬಿಟ್ ವೇವ್ ಫೈಲ್ (ಉತ್ತಮ ಗುಣಮಟ್ಟದ ಆಡಿಯೋ ಫೈಲ್) ಮಾಡಿಟ್ಟಿದ್ದೇನೆ.

ಡ್ರಮ್ ಜೋರಾದಾಗಲೆಲ್ಲ ಹಾಡುವವಳ ದನಿ ಅಡಗಿ, ಮತ್ತೆ ಮೆಲ್ಲಗೆ ಏಳುತ್ತದೆ. ಅದು ಟೇಪಿನ ದೋಷವಲ್ಲ. ಹಳೇ ರೆಕಾರ್ಡರ್ ತಾನಾಗಿಯೇ ಲೆವೆಲ್ ಇಳಿಸುತ್ತಿತ್ತು. ಹಾಗೇ ಬಿಟ್ಟಿದ್ದೇನೆ. ಹಿನ್ನೆಲೆಯ ಸದ್ದು ತೆಗೆಯುವ ನಾಯ್ಸ್ ಫಿಲ್ಟರ್ ಕೂಡ ಹಾಕಿಲ್ಲ, ಹಾಕಿದರೆ ಮಾತುಗಳೇ ಸವೆದುಹೋಗುತ್ತವೆ.

ನನಗೆ ಜಾಸ್ತಿ ಇಷ್ಟವಾಗಿದ್ದು ಹಾಡುಗಳ ನಡುವಿನ ಮಾತು. ಅದು ಬ್ರಿಟನ್ನಿನ ಕಲ್ಲಿದ್ದಲು ಗಣಿ ಕಾರ್ಮಿಕರ ಮುಷ್ಕರದ ಕಾಲ. 1984ರ ಮಾರ್ಚ್‌ನಲ್ಲಿ ಶುರುವಾಗಿ ಒಂದು ವರ್ಷ ನಡೆಯಿತು. ಮುಷ್ಕರ ನಿರತರ ಊಟದ ಖರ್ಚಿಗೆ ಹಣ ಕೂಡಿಸಲು ಎಲ್ಲಿ ನುಡಿಸೋಣ, ಟಿಕೆಟ್ ಎಷ್ಟಿಡೋಣ ಅಂತ ಬ್ಯಾಂಡಿನವರು ಜಗಳವಾಡುತ್ತಾರೆ. ಯಾರೋ ಗಿಟಾರ್ ಶ್ರುತಿ ಮಾಡುತ್ತಲೇ ‘ಕೆಲಸ ಇಲ್ಲದವರಿಗೆ ಪುಕ್ಕಟೆ’ ಅನ್ನುತ್ತಾನೆ. ಇಂಥ ಮಾತು ಯಾವ ಸ್ಟುಡಿಯೋ ರೆಕಾರ್ಡಿನಲ್ಲೂ ಸಿಗಲ್ಲ, ಅಲ್ವಾ?

ಆನ್‌ಲೈನ್ ಹಾಕಿ ಅಂದವರಿಗೆ: ಬ್ಯಾಂಡಿನ ಎಲ್ಲರೂ ಒಪ್ಪಬೇಕು. ಡ್ರಮ್ಮರ್ ಒಪ್ಪಿದ್ದಾರೆ, ಹಾಡುಗಾರ್ತಿಯನ್ನು ಇನ್ನೂ ಹುಡುಕುತ್ತಿದ್ದೇವೆ.