ಸಿಂಗಲ್ಟನ್ ಕ್ಲಾಸ್‌ನಿಂದ ಎರಡು ಆಬ್ಜೆಕ್ಟ್ ಹುಟ್ಟುತ್ತಿವೆ, ಹೇಗೆ?

ಪ್ರಶ್ನೆ:
ಹಳೆಯ ಜಾವಾ ಪ್ರಾಜೆಕ್ಟ್ ಒಂದು ಈಚೆಗೆ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ಕಾನ್ಫಿಗರೇಷನ್ ಫೈಲ್ ಓದುವ ಕ್ಲಾಸ್ ಸಿಂಗಲ್ಟನ್, ಅಂದರೆ ಅದರಿಂದ ಒಂದೇ ಒಂದು ಆಬ್ಜೆಕ್ಟ್ ಹುಟ್ಟಬೇಕು. ಕನ್‌ಸ್ಟ್ರಕ್ಟರ್ ಪ್ರೈವೇಟ್. ‘ಗೆಟ್ ಇನ್‌ಸ್ಟನ್ಸ್’ ಒಳಗೆ, ಸ್ಟ್ಯಾಟಿಕ್ ವೇರಿಯಬಲ್ ನಲ್ (ಖಾಲಿ) ಆಗಿದ್ದರೆ ಹೊಸ ಆಬ್ಜೆಕ್ಟ್ ರಚಿಸು, ಇಲ್ಲವಾದರೆ ಇರುವುದನ್ನೇ ಕೊಡು ಎಂದಷ್ಟೇ ಇದೆ. ಆದರೂ ಸರ್ವರ್ ಆರಂಭವಾಗುವಾಗ ಲಾಗ್‌ನಲ್ಲಿ ‘ಫೈಲ್ ಓದಲಾಯಿತು’ ಎಂಬ ಸಾಲು ಕೆಲವೊಮ್ಮೆ ಎರಡು ಸಲ ಬರುತ್ತದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಹೀಗಾಗುವುದೇ ಇಲ್ಲ.

ಉತ್ತರ 1:
ಮೆಥಡ್‌ಗೆ ‘ಸಿಂಕ್ರೊನೈಸ್ಡ್’ ಸೇರಿಸಿ, ಸರಿಹೋಗುತ್ತದೆ. ಏಕಕಾಲಕ್ಕೆ ಓಡುವ ಕೆಲಸದ ಎಳೆಗಳಲ್ಲಿ (ಥ್ರೆಡ್) ಒಂದು ಸಲಕ್ಕೆ ಒಂದನ್ನು ಮಾತ್ರ ಒಳಬಿಡುವ ಲಾಕ್ ಅದು.

ಉತ್ತರ 2:
ಸರಿಹೋಗುತ್ತದೆ, ನಿಜ. ಆದರೆ ಆಬ್ಜೆಕ್ಟ್ ಹುಟ್ಟಿದ ಮೇಲೂ ಪ್ರತಿ ಕರೆ ಲಾಕ್ ದಾಟಿಯೇ ಹೋಗಬೇಕು.

ಪ್ರೈವೇಟ್ ಕನ್‌ಸ್ಟ್ರಕ್ಟರ್ ಹೊರಗಿನವರನ್ನು ತಡೆಯುತ್ತದೆ. ಇಲ್ಲಿ ಕಿತಾಪತಿ ಒಳಗಿನದೇ. ಒಂದು ಥ್ರೆಡ್ ನಲ್ ಎಂದು ನೋಡಿ ಫೈಲ್ ಓದಲು ತೊಡಗುತ್ತದೆ. ಅದು ಮುಗಿದು ವೇರಿಯಬಲ್‌ಗೆ ಬೆಲೆ ಬೀಳುವ ಮೊದಲೇ ಇನ್ನೊಂದು ಥ್ರೆಡ್ ಬಂದರೆ, ಅದಕ್ಕೂ ಕಾಣುವುದು ನಲ್. ಲ್ಯಾಪ್‌ಟಾಪ್‌ನಲ್ಲಿ ನೀವೊಬ್ಬರೇ ಒಂದೊಂದೇ ವಿನಂತಿ ಕಳುಹಿಸುತ್ತೀರಿ, ಹಾಗಾಗಿ ಅಲ್ಲಿ ಈ ಪೈಪೋಟಿ ಇರುವುದಿಲ್ಲ.

ಸಂದರ್ಶನ ಮಾಡುವವರಿಗೆ ಅಚ್ಚುಮೆಚ್ಚಾದ ‘ಡಬಲ್ ಚೆಕ್ಡ್ ಲಾಕಿಂಗ್’ (ಲಾಕ್‌ನ ಹೊರಗೊಮ್ಮೆ, ಒಳಗೊಮ್ಮೆ ನಲ್ ಇದೆಯೇ ಎಂದು ನೋಡುವುದು) ಸದ್ಯಕ್ಕೆ ಬೇಡ. ಅದರಲ್ಲಿ ವೇರಿಯಬಲ್‌ಗೆ ‘ವೊಲಟೈಲ್’ (ಒಂದು ಥ್ರೆಡ್ ಬರೆದದ್ದು ಉಳಿದವಕ್ಕೆ ಸರಿಯಾಗಿ ಕಾಣಲಿ ಎನ್ನುವ ಗುರುತು) ಹಾಕುವುದನ್ನು ಮರೆತರೆ, ಅರ್ಧ ಕಟ್ಟಿದ ಆಬ್ಜೆಕ್ಟ್ ಇನ್ನೊಂದು ಥ್ರೆಡ್‌ನ ಕೈಗೆ ಸಿಗಬಹುದು. 2004ರಲ್ಲಿ ಬಂದ ಜಾವಾ 5ಕ್ಕಿಂತ ಮೊದಲು ವೊಲಟೈಲ್ ಹಾಕಿದರೂ ಭರವಸೆ ಇರಲಿಲ್ಲ. ಅದರ ಬದಲು ಕ್ಲಾಸ್‌ನೊಳಗೆ ಇನ್ನೊಂದು ಪುಟ್ಟ ಪ್ರೈವೇಟ್ ಸ್ಟ್ಯಾಟಿಕ್ ಕ್ಲಾಸ್ ಇಟ್ಟು, ಆಬ್ಜೆಕ್ಟನ್ನು ಅದರ ಸ್ಟ್ಯಾಟಿಕ್ ಫೈನಲ್ ಫೀಲ್ಡ್‌ನಲ್ಲಿ ರಚಿಸಿ. ಮೊದಲ ಬಳಕೆಯ ಹೊತ್ತಿಗೆ ಒಂದೇ ಸಲ ಅದನ್ನು ಸಿದ್ಧಪಡಿಸುವ ಹೊಣೆ ಜಾವಾ ಪ್ರೋಗ್ರಾಮ್ ಓಡಿಸುವ ಜೆವಿಎಂನದು. ಲಾಕ್ ಬರೆಯುವ ತಲೆನೋವು ನಿಮಗಿಲ್ಲ.

ಪ್ರಶ್ನೆ ಕೇಳಿದವರು:
ಹಾಗೆಯೇ ಬದಲಿಸಿದೆ, ಧನ್ಯವಾದ. ಇನ್ನೊಂದು ಸಂಗತಿ: ಟೆಸ್ಟ್‌ಗಳನ್ನು ಬಿಡಿಬಿಡಿಯಾಗಿ ಓಡಿಸಿದರೆ ಪಾಸಾಗುತ್ತವೆ, ಒಟ್ಟಿಗೆ ಓಡಿಸಿದರೆ ಕೆಲವು ಫೇಲಾಗುತ್ತವೆ. ಇದೂ ಥ್ರೆಡ್‌ನ ತೊಂದರೆಯೇ?

ಉತ್ತರ 2:
ಅಲ್ಲ, ಇದು ಸಿಂಗಲ್ಟನ್ ತಾನು ಹೇಳಿದಂತೆಯೇ ನಡೆದುಕೊಂಡದ್ದರ ಫಲ. ಒಂದು ಟೆಸ್ಟ್ ಟೈಮ್‌ಔಟನ್ನು 30ರಿಂದ 5ಕ್ಕೆ ಇಳಿಸಿ ಹಾಗೆಯೇ ಬಿಟ್ಟಿತು ಎನ್ನಿ. ಅದೇ ಜೆವಿಎಂನಲ್ಲಿ ಮುಂದೆ ಓಡುವ ಟೆಸ್ಟ್‌ಗೆ ಸಿಗುವುದೂ ಅದೇ ಆಬ್ಜೆಕ್ಟ್, ಅದೇ 5. ‘ರೀಸೆಟ್’ ಮೆಥಡ್ ಬರೆಯಿರಿ ಎಂದು ಯಾರಾದರೂ ಹೇಳಿಯಾರು. ಬರೆಯಬೇಡಿ, ನಾಳೆ ಅದನ್ನು ಯಾರೋ ಟೆಸ್ಟ್‌ನ ಹೊರಗೂ ಕರೆಯುತ್ತಾರೆ.

ಆಬ್ಜೆಕ್ಟ್ ಒಂದೇ ಇರುವುದರ ಬಗ್ಗೆ ನನ್ನ ತಕರಾರಿಲ್ಲ. ಯಾವ ಮೂಲೆಯಿಂದ ಬೇಕಾದರೂ ಅದನ್ನು ಕರೆದು ಬದಲಿಸಬಹುದು ಎಂಬುದಕ್ಕೆ ತಕರಾರು. ಬಿಲ್ ತಯಾರಿಸುವ ಕ್ಲಾಸ್‌ಗೆ ಕಾನ್ಫಿಗರೇಷನ್ ಬೇಕು ಎಂಬುದು ಅದರ ಕನ್‌ಸ್ಟ್ರಕ್ಟರ್ ನೋಡಿದರೇ ತಿಳಿಯಬೇಕು. ಪ್ರೋಗ್ರಾಮ್ ಆರಂಭವಾಗುವ ‘ಮೇನ್’ನಲ್ಲಿ ಒಂದೇ ಆಬ್ಜೆಕ್ಟ್ ರಚಿಸಿ, ಬೇಕಾದವರಿಗೆಲ್ಲ ಅದನ್ನೇ ದಾಟಿಸಿ. ಟೆಸ್ಟ್‌ನಲ್ಲಿ ಬೇರೆಯದನ್ನು ಕೊಡಿ.

ಉತ್ತರ 3:
ಆಬ್ಜೆಕ್ಟ್‌ಗಳನ್ನು ತಾನೇ ರಚಿಸಿ ಜೋಡಿಸುವ ಸ್ಪ್ರಿಂಗ್ ಫ್ರೇಮ್‌ವರ್ಕ್ ಬಳಸುತ್ತಿದ್ದರೆ ಈ ಕೆಲಸವನ್ನು ಅದೇ ಮಾಡುತ್ತದೆ. ಅಲ್ಲಿ ಸಿಂಗಲ್ಟನ್ ಎಂದರೆ ಒಂದು ಕಂಟೇನರ್‌ನಲ್ಲಿ (ಆಬ್ಜೆಕ್ಟ್‌ಗಳನ್ನು ಇಟ್ಟುಕೊಳ್ಳುವ ಸ್ಪ್ರಿಂಗ್‌ನ ಭಾಗ) ಆ ಬೀನ್‌ನ (ಸ್ಪ್ರಿಂಗ್‌ಗೆ ಬರೆದುಕೊಟ್ಟ ನಮೂದು) ಒಂದೇ ಆಬ್ಜೆಕ್ಟ್ ಎಂದಷ್ಟೇ. ಅದೇ ಕ್ಲಾಸ್‌ಗೆ ಇನ್ನೊಂದು ಬೀನ್ ಬರೆದರೆ ಎರಡನೆಯದೂ ಹುಟ್ಟುತ್ತದೆ.

ಪ್ರಶ್ನೆ ಕೇಳಿದವರು:
ಸ್ಪ್ರಿಂಗ್ ಇಲ್ಲ. ‘ಗೆಟ್ ಇನ್‌ಸ್ಟನ್ಸ್’ ಕರೆಗಳು ಎಲ್ಲೆಂದರಲ್ಲಿ ಇವೆ.

ಉತ್ತರ 2:
ಎಲ್ಲವನ್ನೂ ಒಮ್ಮೆಗೇ ಕೀಳಲು ಹೋಗಬೇಡಿ. ಫೇಲಾಗುವ ಟೆಸ್ಟ್‌ಗಳು ಮುಟ್ಟುವ ಕ್ಲಾಸ್‌ಗಳಿಗೆ ಮೊದಲು ಕಾನ್ಫಿಗರೇಷನ್ ಆಬ್ಜೆಕ್ಟನ್ನು ಕನ್‌ಸ್ಟ್ರಕ್ಟರ್ ಮೂಲಕ ಕೊಡಿ. ಉಳಿದವು ಸದ್ಯಕ್ಕೆ ‘ಗೆಟ್ ಇನ್‌ಸ್ಟನ್ಸ್’ ಕರೆಯುತ್ತಿರಲಿ. ಕಾನ್ಫಿಗರೇಷನ್ ಕ್ಲಾಸ್‌ನ ಸೆಟರ್‌ಗಳನ್ನು (ಬೆಲೆ ಬದಲಿಸುವ ಮೆಥಡ್‌ಗಳನ್ನು) ಮಾತ್ರ ಇಂದೇ ತೆಗೆದುಹಾಕಿ. ಅವನ್ನು ಯಾರು ಯಾರು ಕರೆಯುತ್ತಿದ್ದರು ಎಂಬ ಪಟ್ಟಿಯನ್ನು ಕಂಪೈಲರ್ ದೋಷಗಳ ರೂಪದಲ್ಲಿ ಕೊಡುತ್ತದೆ.