ಬಿಸಿಲಿಗೆ ಯಾವ ಮರ? ರಾಯಚೂರಿನ ಓಣಿಯಿಂದ ಒಂದು ಪ್ರಶ್ನೆ

ಪ್ರಶ್ನೆ: ನಮಸ್ಕಾರ ಮೇಡಂ. ರಾಯಚೂರಿನಲ್ಲಿ ನಮ್ಮ ರಸ್ತೆ ಅಗಲ ಮಾಡುವಾಗ ಹಳೆಯ ಬೇವಿನ ಮರಗಳೆಲ್ಲ ಹೋದವು. ಅವುಗಳ ಕೆಳಗೆ ಸಂಜೆವರೆಗೂ ತರಕಾರಿ ಮಾರುತ್ತಿದ್ದವರು ಈಗ ಹನ್ನೊಂದಕ್ಕೇ ಬುಟ್ಟಿ ಎತ್ತುತ್ತಾರೆ. ಓಣಿಯವರೆಲ್ಲ ದುಡ್ಡು ಹಾಕಿ ಗಿಡ ನೆಡಬೇಕು ಅಂತ ಇದ್ದೇವೆ. ಒಬ್ಬರು ಗುಲ್‌ಮೊಹರ್ ಅಂತಾರೆ, ಇನ್ನೊಬ್ಬರು ಕೋನೋಕಾರ್ಪಸ್ ಬೇಗ ಬೆಳೆಯುತ್ತದೆ ಅಂತಾರೆ. ಅಷ್ಟಕ್ಕೂ ನಾಲ್ಕು ಮರ ನೆಟ್ಟರೆ 42 ಡಿಗ್ರಿ ಕಡಿಮೆ ಆಗುತ್ತದಾ?

ಉತ್ತರ: ಕೊನೆಯ ಮಾತು ಮೊದಲು. ಥರ್ಮಾಮೀಟರ್ ಹಿಡಿದರೆ ನಿಮಗೆ ನಿರಾಸೆಯೇ. ನಾಲ್ಕು ಮರದ ಕೆಳಗಿನ ಗಾಳಿ ಒಂದೆರಡು ಡಿಗ್ರಿ ಇಳಿದರೆ ದೊಡ್ಡದು. ಆದರೂ ಬೇವಿನ ನೆರಳಿಗೆ ಬಂದ ಕೂಡಲೇ ಹೋದ ಜೀವ ಬಂದ ಹಾಗಾಗುತ್ತದೆ, ಅಲ್ವಾ? ಯಾಕೆಂದರೆ ನಮ್ಮನ್ನು ಬೇಯಿಸುವುದು ಬರೀ ಗಾಳಿಯಲ್ಲ. ಮೇಲಿಂದ ಬಿಸಿಲು, ಕೆಳಗಿಂದ ಡಾಂಬರಿನ ಝಳ, ಪಕ್ಕದಿಂದ ಗೋಡೆಯ ಕಾವು. ಮರವಿದ್ದರೆ ಬಿಸಿಲು ತಲೆಗೆ ಬೀಳುವುದಿಲ್ಲ, ಡಾಂಬರೂ ಗೋಡೆಯೂ ಅಷ್ಟು ಕಾಯುವುದಿಲ್ಲ. ಇನ್ನೊಂದು ವಿಷಯ: ನಮ್ಮೂರಲ್ಲಿ ಮೇ ಮೊದಲ ವಾರ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಇರುತ್ತಾನೆ. ಎರಡಂತಸ್ತಿನ ಮನೆಯ ಪಕ್ಕದಲ್ಲೂ ಗೇಣು ನೆರಳು ಸಿಗುವುದಿಲ್ಲ. ಕೊಡೆ ಹಾಗೆ ಹರಡಿದ ಮರ ಬೇಕು.

ಹಾಗಾಗಿ ಮರ ಆರಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಏಪ್ರಿಲ್, ಮೇನಲ್ಲಿ ಮೈತುಂಬ ಎಲೆ ಇರುತ್ತದಾ? ಗುಲ್‌ಮೊಹರ್ ಇಲ್ಲೇ ಸೋಲುತ್ತದೆ. ಬಿಸಿಲು ಏರುವಾಗ ಎಲೆ ಉದುರಿಸಿ ಹೂ ಬಿಡುತ್ತದೆ. ನೋಡಲು ಚಂದ, ಕೂರಲು ಅಲ್ಲ. ಕೋನೋಕಾರ್ಪಸ್ ಬೇಡವೇ ಬೇಡ. ಬೇರು ನೀರಿನ ಪೈಪ್ ಹುಡುಕಿಕೊಂಡು ಹೋಗುತ್ತದೆ ಎಂಬ ದೂರು ಎಲ್ಲೆಲ್ಲೂ ಇದೆ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ಕಂಬದ ಹಾಗೆ ಬೆಳೆಯುವ ಅಶೋಕವೂ ಅಷ್ಟೆ, ಕಂಬದಷ್ಟೇ ನೆರಳು.

ನಮ್ಮ ಬೇವು, ಹುಲಗಲ (ಹೊಂಗೆ ಅಂದರೂ ಅದೇ) ಎರಡೂ ಬೇಸಿಗೆಯ ಬಾಗಿಲಲ್ಲಿ ಎಲೆ ಉದುರಿಸಿ, ಯುಗಾದಿ ಸುಮಾರಿಗೆ ಚಿಗುರಿ ನಿಲ್ಲುತ್ತವೆ. ತರಕಾರಿಯವರಿಗೆ ಹುಲಗಲವೇ ವಾಸಿ, ನೆರಳು ದಟ್ಟ. ಹೂ ಬಿಟ್ಟಾಗ ನೆಲದ ಮೇಲೆ ಮಂಡಕ್ಕಿ ಚೆಲ್ಲಿದ ಹಾಗೆ ಕಾಣುತ್ತದೆ. ಗುಡಿಸುವವರು ಬೈಯುತ್ತಾರೆ, ಬೈಯಲಿ.

ಪ್ರಶ್ನೆ (ಇನ್ನೊಬ್ಬರು): ಮರ ಬೆಳೆಯಲು ಐದಾರು ವರ್ಷ ಬೇಕು. ಸುಮ್ನೆ ತಗಡಿನ ಶೆಡ್ ಹಾಕಿದರೆ ಆಗಲ್ವಾ?

ಉತ್ತರ: ಅಲ್ಲಿಯವರೆಗೆ ಹಾಕಿ, ಬೇಡ ಅನ್ನಲ್ಲ. ಆದರೆ ಮಧ್ಯಾಹ್ನ ಎರಡು ಗಂಟೆಗೆ ತಗಡಿನ ಕೆಳಗೆ ನಿಂತು ಅಂಗೈ ಮೇಲಕ್ಕೆ ಹಿಡಿಯಿರಿ. ಮುಟ್ಟಬೇಡಿ, ಗೇಣು ದೂರ ಸಾಕು. ಒಲೆ ಮುಂದೆ ಕೂತ ಹಾಗಾಗುತ್ತದೆ. ತಗಡು ತಾನೇ ಕಾದು ಆ ಕಾವನ್ನು ತಲೆ ಮೇಲೆ ಸುರಿಯುತ್ತದೆ. ಎಲೆ ನೀರನ್ನು ಆವಿ ಮಾಡುತ್ತ ತಣ್ಣಗಿರುತ್ತದೆ, ನಮ್ಮ ಒಣ ಹವೆಗೆ ಇದು ಚೆನ್ನಾಗಿ ನಡೆಯುತ್ತದೆ. ಬೇರಿಗೆ ನೀರಿರಬೇಕು, ಅಷ್ಟೆ. ಶೆಡ್ಡೇ ಆದರೆ ತಗಡಿನ ಮೇಲೆ ತೆಂಗಿನ ಗರಿ ಹೊದಿಸಿ, ಎಷ್ಟೋ ವಾಸಿ.

ಪ್ರಶ್ನೆ (ಮೊದಲಿನವರು): ಸರಿ ಮೇಡಂ, ಹುಲಗಲವೇ ಹಾಕುತ್ತೇವೆ. ನಮ್ಮದು ಎರೆಮಣ್ಣು. ಹೇಗೆ ನೆಡಬೇಕು?

ಉತ್ತರ: ಜೂನ್‌ನಲ್ಲಿ ಒಂದೆರಡು ಮಳೆ ಬಿದ್ದ ಮೇಲೆ ನೆಡಿ. ಮೂರು ಅಡಿ ಉದ್ದ, ಅಗಲ, ಆಳದ ಗುಂಡಿ. ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಎಳೆ ಬೇರನ್ನು ಕಿತ್ತುಹಾಕುತ್ತದೆ, ಅದಕ್ಕೇ ಅರ್ಧಕ್ಕರ್ಧ ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ ಬೆರೆಸಿ. ಗಿಡ ಆಳೆತ್ತರದ್ದು ತನ್ನಿ, ಚಿಕ್ಕದನ್ನು ಮೇಕೆ ಬಿಡಲ್ಲ.

ಮೊದಲು ತಲೆ ಎತ್ತಿ ತಂತಿ ನೋಡಿ. ನಾನು ಕೆಲಸ ಕಲಿಯುವಾಗ ವಿದ್ಯುತ್ ತಂತಿಯ ಕೆಳಗೇ ಸಾಲಾಗಿ ಹುಲಗಲ ನೆಡಿಸಿದ್ದೆ. ಈಗಲೂ ವರ್ಷಕ್ಕೊಮ್ಮೆ ಅವುಗಳ ತಲೆ ಬೋಳಿಸುತ್ತಾರೆ, ಅದೂ ಬೇಸಿಗೆ ಎದುರಿಗೆ. ಆ ದಾರಿಯಲ್ಲಿ ಹೋಗಲು ನನಗೆ ನಾಚಿಕೆ. ತಂತಿ ಇಲ್ಲದ ಬದಿಗೇ ಹಾಕಿ.

ಆಮೇಲೆ ಸಿಮೆಂಟಿನವರು ಬರುತ್ತಾರೆ. ಬುಡದವರೆಗೂ ಕಾಂಕ್ರೀಟ್ ಸುರಿದರೆ ನೀರೂ ಇಳಿಯಲ್ಲ, ಬೇರಿಗೆ ಉಸಿರೂ ಇಲ್ಲ. ಸುತ್ತ ನಾಲ್ಕು ಅಡಿ ಮಣ್ಣು ಬಿಡಿಸಿಕೊಳ್ಳಿ, ಆ ದಿನ ಯಾರಾದರೂ ಎದುರಿಗೇ ನಿಂತಿರಿ. ಮೊದಲ ಮೂರು ಬೇಸಿಗೆ ವಾರಕ್ಕೆ ಎರಡು ಸಲ ಎರಡೆರಡು ಕೊಡ ನೀರು. ತರಕಾರಿಯವರಿಗೇ ಒಂದೊಂದು ಗಿಡ ಒಪ್ಪಿಸಿ ನೋಡಿ, ಸೊಪ್ಪಿಗೆ ಚಿಮುಕಿಸಿ ಉಳಿದ ನೀರು ಅವರ ಬಳಿ ದಿನಾ ಇರುತ್ತದೆ.